ಗೊತ್ತಿರಲಿಲ್ಲ ಎನ್ನಲು ಬಿಡದವರು

ಪೋಲೆಂಡನ್ನು ಗೆದ್ದುಕೊಂಡ ಮೇಲೆ ಆ ದೇಶದಲ್ಲಿ ಮೂರು ಲಕ್ಷ ಯಹೂದಿಗಳನ್ನು ಅತ್ಯಂತ ಪಾಶವೀ ರೀತಿಯಲ್ಲಿ ಕೊಲ್ಲಲಾಗಿದೆ. 1942ರ ಬೇಸಿಗೆಯಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಕೆಲವು ಮನೆಗಳಿಗೆ ಅಂಚೆಯಲ್ಲಿ ಬಂದ ಕರಪತ್ರವೊಂದರಲ್ಲಿ ಈ ಮಾತಿತ್ತು. ಬರೆದವರ ಹೆಸರಿರಲಿಲ್ಲ. ‘ಬಿಳಿ ಗುಲಾಬಿಯ ಕರಪತ್ರಗಳು’ ಎಂಬ ತಲೆಬರಹ, ಅದರ ಕೆಳಗೆ ಒತ್ತೊತ್ತಾಗಿ ಟೈಪ್ ಮಾಡಿದ ಸಾಲುಗಳು, ಇದನ್ನು ನಕಲು ಮಾಡಿ ಹಂಚಿರಿ ಎಂಬ ವಿನಂತಿ, ಇಷ್ಟೇ. ಕೊಲೆಯಾದವರ ನಿಜವಾದ ಸಂಖ್ಯೆ ಆ ಹೊತ್ತಿಗಾಗಲೇ ಮೂರು ಲಕ್ಷವನ್ನು ಬಹಳ ಹಿಂದೆ ಬಿಟ್ಟಿತ್ತು. ಆದರೂ ನಾನು ನಾತ್ಸಿಗಳನ್ನು ವಿರೋಧಿಸಿದ ‘ಬಿಳಿ ಗುಲಾಬಿ’ ಎಂಬ ಆ ಗುಟ್ಟಿನ ಗುಂಪಿನ ಬಗ್ಗೆ ಓದುವಾಗಲೆಲ್ಲ ಬಂದು ನಿಲ್ಲುವುದು ಈ ಸಂಖ್ಯೆಯ ಬಳಿಯೇ.

ಏಕೆಂದರೆ ಯುದ್ಧ ಮುಗಿದ ಮೇಲೆ ಇಡೀ ಒಂದು ಪೀಳಿಗೆ ಒಂದೇ ಮಾತನ್ನು ಹಿಡಿದು ಕುಳಿತಿತ್ತು: ನಮಗೆ ಗೊತ್ತಿರಲಿಲ್ಲ. ಅಧ್ಯಾಪಕರಿಗೆ ಗೊತ್ತಿರಲಿಲ್ಲ, ವಕೀಲರಿಗೆ ಗೊತ್ತಿರಲಿಲ್ಲ, ರೈಲ್ವೆಯವರಿಗೆ ಕೂಡ ಗೊತ್ತಿರಲಿಲ್ಲ. ಹಾಗಾದರೆ ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸಿನ ವೈದ್ಯಕೀಯ ವಿದ್ಯಾರ್ಥಿಗಳಿಬ್ಬರಿಗೆ ಗೊತ್ತಾದದ್ದು ಹೇಗೆ? ಅವರ ಕೈಯಲ್ಲಿ ಯಾವ ಗೂಢಚಾರ ಜಾಲವೂ ಇರಲಿಲ್ಲ. ಪೋಲೆಂಡಿನಲ್ಲಿ ಕೆಲಸ ಮಾಡಿ ಬಂದ ಮಾನ್‌ಫ್ರೆಡ್ ಐಕೆಮಾಯರ್ ಎಂಬ ವಾಸ್ತುಶಿಲ್ಪಿ ತಾನು ಅಲ್ಲಿ ಅರಿತದ್ದನ್ನು ಹೇಳಿದ್ದ. ರಜೆಯ ಮೇಲೆ ಊರಿಗೆ ಬಂದ ಸೈನಿಕರು ಗುಟ್ಟಾಗಿ ಮಾತಾಡುತ್ತಿದ್ದರು. ಕಿವಿ ಇದ್ದವರಿಗೆ ಕೇಳಿಸುತ್ತಿತ್ತು.

ಆ ಇಬ್ಬರು ಹಾನ್ಸ್ ಶೋಲ್ ಮತ್ತು ಅಲೆಕ್ಸಾಂಡರ್ ಶ್ಮೊರೆಲ್. ಇವರೇನೂ ಹುಟ್ಟಾ ಬಂಡಾಯಗಾರರಲ್ಲ. ಹಾನ್ಸ್ ಹಿಟ್ಲರನ ಯುವದಳದ ನಾಯಕನಾಗಿದ್ದವನು, ನ್ಯೂರೆಂಬರ್ಗ್ ಸಮಾವೇಶಕ್ಕೆ ಉತ್ಸಾಹದಿಂದ ಹೋಗಿದ್ದವನು. ತಂಗಿ ಸೋಫಿ ಹುಡುಗಿಯರ ದಳದಲ್ಲಿ ಮುಂದಾಳು. ತಂದೆ ರಾಬರ್ಟ್ ಶೋಲ್ ಮಾತ್ರ ಮೊದಲಿನಿಂದಲೂ ಇದೆಲ್ಲವನ್ನೂ ವಿರೋಧಿಸಿದವರು. ಮಕ್ಕಳು ಅವರ ಮಾತು ಕೇಳಲಿಲ್ಲ. ಹಿಟ್ಲರ್ ದೇವರು ಕಳಿಸಿದ ಚಾಟಿ ಎಂದು ಕಚೇರಿಯಲ್ಲಿ ಆಡಿದ ಮಾತಿಗೆ ಅವರು 1942ರಲ್ಲಿ ಜೈಲಿಗೂ ಹೋದರು. ಅಷ್ಟು ಹೊತ್ತಿಗೆ ಮಕ್ಕಳು ಅಪ್ಪನನ್ನೂ ದಾಟಿ ಮುಂದೆ ಹೋಗಿದ್ದರು. ಶ್ಮೊರೆಲ್ ಹುಟ್ಟಿದ್ದು ರಷ್ಯಾದ ಒರೆನ್‌ಬರ್ಗ್‌ನಲ್ಲಿ, ತಾಯಿ ರಷ್ಯನ್. ಅವನಿಗೆ ರಷ್ಯನ್ನರನ್ನು ಶತ್ರು ಎಂದು ಭಾವಿಸುವುದೇ ಸಾಧ್ಯವಿರಲಿಲ್ಲ. ಇವರ ಜೊತೆ ಕ್ರಿಸ್ಟೋಫ್ ಪ್ರೋಬ್ಸ್ಟ್, ವಿಲ್ಲಿ ಗ್ರಾಫ್, ಮತ್ತು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಕುರ್ಟ್ ಹೂಬರ್. ಒಳವಲಯ ಎಂದರೆ ಇಷ್ಟೇ ಜನ.

ನಾನು ಓದಿದ ಶಾಲೆಯ ಕಚೇರಿಯಲ್ಲಿ ಒಂದು ಸೈಕ್ಲೋಸ್ಟೈಲ್ ಯಂತ್ರವಿತ್ತು. ಪರೀಕ್ಷೆಯ ಹಿಂದಿನ ವಾರ ಆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ಶಾಯಿಯ ವಾಸನೆ ಮಾತ್ರ ಹೊರಗೆ ಬರುತ್ತಿತ್ತು. ಮೇಣ ಸವರಿದ ತೆಳು ಹಾಳೆಯ ಮೇಲೆ ರಿಬ್ಬನ್ ಇಲ್ಲದೆ ಟೈಪ್ ಮಾಡಬೇಕು. ಅಕ್ಷರ ಬಿದ್ದಲ್ಲಿ ಮೇಣ ಸರಿದು ದಾರಿಯಾಗುತ್ತದೆ. ಆ ಹಾಳೆಯನ್ನು ಉರುಳೆಗೆ ಸುತ್ತಿ ಹಿಡಿಕೆ ತಿರುಗಿಸಿದರೆ ಶಾಯಿ ಆ ದಾರಿಯಿಂದ ಇಳಿದು ಕಾಗದಕ್ಕೆ ಅಂಟುತ್ತದೆ. ಒಂದು ಸುತ್ತಿಗೆ ಒಂದು ಹಾಳೆ. ಮೇಣದ ಹಾಳೆ ಹರಿದರೆ ಮತ್ತೆ ಮೊದಲಿನಿಂದ. ಶಾಯಿ ಕೈಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಬಿಳಿ ಗುಲಾಬಿಯ ಗುಂಪು ಬಳಸಿದ್ದು ಇದೇ ಬಗೆಯ ಯಂತ್ರವನ್ನು, ಜೊತೆಗೆ ಎರವಲು ತಂದ ಒಂದು ರೆಮಿಂಗ್ಟನ್ ಟೈಪ್‌ರೈಟರನ್ನು. 1943ರ ಜನವರಿಯಲ್ಲಿ ಐದನೆಯ ಕರಪತ್ರವನ್ನು ಅವರು ಸಾವಿರಗಟ್ಟಲೆ ತೆಗೆದರು. ರಾತ್ರಿ ಹಿಡಿಕೆ ತಿರುಗಿಸಿ ಬೆಳಗ್ಗೆ ತರಗತಿಯಲ್ಲಿ ಕುಳಿತುಕೊಳ್ಳುವುದು ಎಂದರೆ ಏನೆಂದು ಊಹಿಸಿಕೊಳ್ಳಿ.

ಇನ್ನು ಕಾಗದ. ಯುದ್ಧದ ನಡುವೆ ಕಾಗದಕ್ಕೆ ಬರ. ಒಂದೇ ಅಂಗಡಿಯಲ್ಲಿ ಹೆಚ್ಚು ಕೊಂಡರೆ ಅಂಗಡಿಯವನಿಗೆ ಅನುಮಾನ, ಒಂದೇ ಅಂಚೆ ಕಚೇರಿಯಲ್ಲಿ ನೂರಾರು ಅಂಚೆಚೀಟಿ ಕೇಳಿದರೆ ಗುಮಾಸ್ತನಿಗೆ ಅನುಮಾನ. ಆದ್ದರಿಂದ ಇಲ್ಲಿಷ್ಟು, ಅಲ್ಲಿಷ್ಟು ಎಂದು ಊರೆಲ್ಲ ಸುತ್ತಿ ಕೊಳ್ಳಬೇಕು. ವಿಳಾಸಗಳನ್ನು ದೂರವಾಣಿ ಕೈಪಿಡಿಗಳಿಂದ ಕೈಯಲ್ಲಿ ನಕಲು ಮಾಡಿಕೊಳ್ಳಬೇಕು. ಪೆಟ್ಟಿಗೆ ತುಂಬ ಕರಪತ್ರ ಹೊತ್ತು ರೈಲು ಹತ್ತಿ ಬೇರೆ ಊರುಗಳಿಗೆ ಹೋಗಿ ಅಲ್ಲಿಂದ ಅಂಚೆಗೆ ಹಾಕಬೇಕು. ಪೆಟ್ಟಿಗೆಯನ್ನು ಒಂದು ಡಬ್ಬಿಯಲ್ಲಿಟ್ಟು ತಾವು ಇನ್ನೊಂದರಲ್ಲಿ ಕುಳಿತುಕೊಳ್ಳುತ್ತಿದ್ದರು, ತಪಾಸಣೆಗೆ ಬಂದರೆ ಪೆಟ್ಟಿಗೆ ಯಾರದೂ ಅಲ್ಲ. ಶ್ಮೊರೆಲ್ ಸಾಲ್ಜ್‌ಬರ್ಗ್, ಲಿಂಜ್, ವಿಯೆನ್ನಾಗಳಿಗೆ ಹೋದ. ಸೋಫಿ ಆಗ್ಸ್‌ಬರ್ಗ್, ಸ್ಟುಟ್‌ಗಾರ್ಟ್‌ಗಳಿಗೆ. ದೇಶದ ತುಂಬ ದೊಡ್ಡ ಸಂಘಟನೆಯೊಂದು ಹಬ್ಬಿದೆ ಎಂದು ನಾತ್ಸಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಪೊಗೆ ಅನ್ನಿಸಬೇಕು ಎಂಬುದು ಲೆಕ್ಕ. ಧೈರ್ಯ ಎಂದ ಕೂಡಲೇ ನಮಗೆ ಕಣ್ಣ ಮುಂದೆ ಬರುವುದು ಗಲ್ಲುಗಂಬದ ಮುಂದಿನ ಘೋಷಣೆ. ಇವರ ಧೈರ್ಯದ ಬಹುಪಾಲು ಖರ್ಚಾದದ್ದು ಗುಮಾಸ್ತಗಿರಿಯಲ್ಲಿ.

ಮೊದಲ ನಾಲ್ಕು ಕರಪತ್ರಗಳನ್ನು ಅನುವಾದದಲ್ಲಿ ಓದಿದಾಗ ನನಗೆ ಸ್ವಲ್ಪ ಬೇಸರವೂ ಆಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಗಯಟೆ, ಶಿಲರ್, ಅರಿಸ್ಟಾಟಲ್, ಲಾವೋತ್ಸೆ, ಬೈಬಲ್. ಪುಟದ ಅರ್ಧ ಉದ್ಧರಣೆಗಳೇ. ಹೊಟ್ಟೆಪಾಡಿಗೆ ಕಾರ್ಖಾನೆಗೆ ಹೋಗುವವನು ಇದನ್ನು ಎರಡನೇ ಸಾಲಿನ ಆಚೆಗೆ ಓದುವುದು ಕಷ್ಟ. ಗೆಸ್ಟಪೊ ಕೂಡ ರಿಚರ್ಡ್ ಹಾರ್ಡರ್ ಎಂಬ ಗ್ರೀಕ್ ವಿದ್ವಾಂಸನಿಂದ ಕರಪತ್ರಗಳ ಭಾಷೆಯನ್ನು ಪರೀಕ್ಷೆ ಮಾಡಿಸಿತು. ಬರೆದವನು ಬುದ್ಧಿವಂತ, ಓದಿಕೊಂಡವನು, ಆದರೆ ಸೈನಿಕರ, ಕಾರ್ಮಿಕರ ನಡುವೆ ಇದಕ್ಕೆ ಕಿವಿಗೊಡುವವರಿಲ್ಲ ಎಂಬ ಅರ್ಥದ ವರದಿಯನ್ನು ಅವನು ಕೊಟ್ಟ. ಶತ್ರುವಿನ ವಿಮರ್ಶೆಯೂ ಒಮ್ಮೊಮ್ಮೆ ಸರಿಯಾಗಿರುತ್ತದೆ. ಮೊದಲ ಕರಪತ್ರ ತಲುಪಿದ್ದು ಸುಮಾರು ನೂರು ಮಂದಿಗೆ, ಅದೂ ಓದುಬರಹ ಬಲ್ಲ ಮಧ್ಯಮ ವರ್ಗಕ್ಕೆ. ಅವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಅದನ್ನು ನೇರವಾಗಿ ಪೊಲೀಸರಿಗೆ ಒಪ್ಪಿಸಿದರು.

ಜುಲೈ ಕೊನೆಗೆ ಹಾನ್ಸ್, ಶ್ಮೊರೆಲ್ ಮತ್ತು ಗ್ರಾಫ್‌ರನ್ನು ಸೇನೆಯ ವೈದ್ಯಕೀಯ ಸಹಾಯಕರಾಗಿ ರಷ್ಯಾದ ರಣರಂಗಕ್ಕೆ ಕಳಿಸಲಾಯಿತು. ದಾರಿಯಲ್ಲಿ ವಾರ್ಸಾದಲ್ಲಿ ಯಹೂದಿಗಳನ್ನು ಕೂಡಿಹಾಕಿದ ಕೇರಿಯನ್ನು ಕಂಡರು. ನವೆಂಬರ್‌ನಲ್ಲಿ ಮರಳಿ ಬಂದಾಗ ಬರವಣಿಗೆಯ ಧಾಟಿಯೇ ಬೇರೆಯಾಗಿತ್ತು. ಐದನೆಯ ಕರಪತ್ರದಲ್ಲಿ ಉದ್ಧರಣೆಗಳಿಲ್ಲ. ಯುದ್ಧ ಸೋತಿದೆ, ಹಿಟ್ಲರನಿಗೆ ಇನ್ನು ಅದನ್ನು ಗೆಲ್ಲಲಾಗದು, ಎಳೆಯಲು ಮಾತ್ರ ಸಾಧ್ಯ ಎಂಬ ನೇರ ಮಾತು. ‘ಎಲ್ಲ ಜರ್ಮನ್ನರಿಗೆ ಕರೆ’ ಎಂದು ಶೀರ್ಷಿಕೆ. ಕೆಲವೇ ದಿನಗಳಲ್ಲಿ, 1943ರ ಫೆಬ್ರುವರಿ 2ರಂದು, ಸ್ಟಾಲಿನ್‌ಗ್ರಾಡ್‌ನಲ್ಲಿ ಉಳಿದಿದ್ದ ಜರ್ಮನ್ ಸೇನೆ ಶರಣಾಯಿತು.

ಅದೇ ಜನವರಿ 13ರಂದು ವಿಶ್ವವಿದ್ಯಾಲಯದ 470ನೆಯ ವಾರ್ಷಿಕೋತ್ಸವ ನಡೆದಿತ್ತು. ನಾತ್ಸಿ ಪಕ್ಷದ ಪ್ರಾಂತೀಯ ಮುಖ್ಯಸ್ಥ ಪಾಲ್ ಗೀಸ್ಲರ್ ವೇದಿಕೆಯ ಮೇಲೆ ನಿಂತು, ಹುಡುಗಿಯರು ಓದುವುದನ್ನು ಬಿಟ್ಟು ನಾಯಕನಿಗೆ ವರ್ಷಕ್ಕೊಂದು ಮಗುವನ್ನು ಹೆತ್ತುಕೊಡಲಿ, ರೂಪ ಸಾಲದವರಿಗೆ ತನ್ನ ಸಹಾಯಕರನ್ನೇ ಒದಗಿಸುತ್ತೇನೆ ಎಂಬರ್ಥದ ಮಾತಾಡಿದ. ಸಭಾಂಗಣದಲ್ಲಿ ಗದ್ದಲವೆದ್ದಿತು. ಎದ್ದು ಹೊರಟ ವಿದ್ಯಾರ್ಥಿನಿಯರನ್ನು ತಡೆದು ಹಿಡಿದರು, ಹುಡುಗರು ಕೈ ಮಿಲಾಯಿಸಿದರು. ಹತ್ತು ವರ್ಷಗಳ ಆಳ್ವಿಕೆಯಲ್ಲಿ ವಿದ್ಯಾರ್ಥಿಗಳು ಹೀಗೆ ಬಹಿರಂಗವಾಗಿ ತಿರುಗಿ ಬಿದ್ದದ್ದು ಅಪರೂಪ. ಬಿಳಿ ಗುಲಾಬಿಯವರು ಇದರಿಂದ ಹಿಗ್ಗಿದರು. ಕಿಡಿ ಹತ್ತಿಯೇ ಬಿಟ್ಟಿತು ಎಂದುಕೊಂಡರು. ಫೆಬ್ರುವರಿಯ ಮೂರು ರಾತ್ರಿ ಟಾರು ಬಣ್ಣದಲ್ಲಿ ಗೋಡೆಗಳ ಮೇಲೆ ‘ಹಿಟ್ಲರ್‌ಗೆ ಧಿಕ್ಕಾರ’, ‘ಸ್ವಾತಂತ್ರ್ಯ’ ಎಂದು ಬರೆದರು. ಆದರೆ ಅಂದಿನ ಗದ್ದಲ ಮಾನಕ್ಕೆ ಪೆಟ್ಟು ಬಿದ್ದುದರ ಸಿಟ್ಟಾಗಿತ್ತೇ ಹೊರತು, ಮೂರು ಲಕ್ಷದ ಸಿಟ್ಟಲ್ಲ. ಈ ವ್ಯತ್ಯಾಸ ಆರು ವಾರಗಳೊಳಗೇ ಬಯಲಾಯಿತು.

ಆರನೆಯ ಕರಪತ್ರವನ್ನು ಬರೆದವರು ಹೂಬರ್. ಇವರು ಜನಪದ ಹಾಡುಗಳ ವಿದ್ವಾಂಸರು, ಸಂಪ್ರದಾಯಸ್ಥರು, ದೇಶಾಭಿಮಾನಿಗಳು. ನಾತ್ಸಿಗಳು ಜರ್ಮನಿಗೆ ಮಸಿ ಬಳಿದರು ಎಂಬುದೇ ಅವರ ಕೋಪ. ನಮ್ಮ ಭವ್ಯ ಸೇನೆಯ ಸಾಲಿನಲ್ಲಿ ನಿಲ್ಲಿರಿ ಎಂಬ ವಾಕ್ಯವೊಂದನ್ನು ಅವರು ಕರಡಿನಲ್ಲಿ ಸೇರಿಸಿದ್ದರು. ರಷ್ಯಾದಲ್ಲಿ ಆ ಸೇನೆಯನ್ನು ಕಣ್ಣಾರೆ ಕಂಡು ಬಂದಿದ್ದ ಹಾನ್ಸ್ ಮತ್ತು ಶ್ಮೊರೆಲ್ ಅದನ್ನು ಹೊಡೆದು ಹಾಕಿದರು. ಪ್ರೊಫೆಸರರಿಗೆ ವಿಪರೀತ ಸಿಟ್ಟು ಬಂತು, ಎದ್ದು ಹೋದರು. ಎಲ್ಲರೂ ಒಂದೇ ಮನಸ್ಸಿನ ಹುತಾತ್ಮರು ಎಂಬ ಚಿತ್ರಕ್ಕಿಂತ ಈ ಜಗಳವೇ ನನಗೆ ಹೆಚ್ಚು ಇಷ್ಟ.

ಫೆಬ್ರುವರಿ 18, ಗುರುವಾರ. ಹಾನ್ಸ್ ಮತ್ತು ಸೋಫಿ ಪೆಟ್ಟಿಗೆಯಲ್ಲಿ ಕರಪತ್ರ ತುಂಬಿಕೊಂಡು ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಕ್ಕೆ ಬಂದರು. ತರಗತಿಗಳು ನಡೆಯುತ್ತಿದ್ದವು, ಓಣಿಗಳು ಖಾಲಿ. ಮುಚ್ಚಿದ ಬಾಗಿಲುಗಳ ಮುಂದೆ, ಮೆಟ್ಟಿಲುಗಳ ಮೇಲೆ ಕಟ್ಟುಗಳನ್ನು ಇಡುತ್ತಾ ಹೋದರು. ಕೆಲಸ ಮುಗಿಸಿ ಹೊರಗೆ ಹೊರಟವರು ಪೆಟ್ಟಿಗೆಯಲ್ಲಿ ಇನ್ನೂ ಸ್ವಲ್ಪ ಉಳಿದದ್ದನ್ನು ನೋಡಿ ಮರಳಿ ಮೇಲೆ ಹತ್ತಿದರು. ಗಾಜಿನ ಚಾವಣಿಯ ದೊಡ್ಡ ಅಂಗಳಕ್ಕೆ ಮೇಲಿನ ಕಟಕಟೆಯಿಂದ ಸೋಫಿ ಒಂದು ಕಟ್ಟನ್ನು ತಳ್ಳಿದಳು. ಹಾಳೆಗಳು ಹಾರಾಡುತ್ತಾ ಕೆಳಗಿಳಿದವು. ಕಟ್ಟಡದ ಪಹರೆಯವನು, ಯಾಕೋಬ್ ಶ್ಮಿಡ್, ನೋಡಿಬಿಟ್ಟ. ಓಡಿ ಬಂದು ಹಿಡಿದ. ಓಡಿಹೋಗಬಹುದಿತ್ತೇ, ತಳ್ಳದೆ ಇರಬಹುದಿತ್ತೇ ಎಂದು ಎಂಬತ್ತು ವರ್ಷಗಳಿಂದ ಜನ ಕೇಳುತ್ತಿದ್ದಾರೆ. ಅದೇ ಸಂಜೆ ಬರ್ಲಿನ್‌ನಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಸಂಪೂರ್ಣ ಯುದ್ಧ ಬೇಕೇ ಎಂದು ಸಭೆಯನ್ನು ಕೇಳಿದ. ಸಭೆ ಬೇಕು ಎಂದು ಅರಚಿತು.

ಹಾನ್ಸ್‌ನ ಜೇಬಿನಲ್ಲಿ ಏಳನೆಯ ಕರಪತ್ರದ ಕೈಬರಹದ ಕರಡಿತ್ತು. ಹರಿದು ಹಾಕಲು ನೋಡಿದ, ಆಗಲಿಲ್ಲ. ಗೆಸ್ಟಪೊದವರು ಚೂರುಗಳನ್ನು ಜೋಡಿಸಿ, ಅವನ ಕೋಣೆಯಲ್ಲಿ ಸಿಕ್ಕ ಪತ್ರದ ಅಕ್ಷರಕ್ಕೆ ಹೋಲಿಸಿ, ಬರೆದವನು ಪ್ರೋಬ್ಸ್ಟ್ ಎಂದು ಕಂಡುಹಿಡಿದರು. ಪ್ರೋಬ್ಸ್ಟ್‌ಗೆ ಇಪ್ಪತ್ತಮೂರು ವರ್ಷ, ಮೂವರು ಮಕ್ಕಳು, ಕೊನೆಯದು ಹಸುಗೂಸು. ಮಕ್ಕಳೊಂದಿಗ ಎಂದೇ ಗೆಳೆಯರು ಅವನನ್ನು ಹಂಚುವ ಕೆಲಸದಿಂದ ದೂರ ಇಟ್ಟಿದ್ದರು.

ಸೋಫಿ ಮೊದಲು ಸೊಗಸಾಗಿಯೇ ಸುಳ್ಳು ಹೇಳಿದಳು. ಖಾಲಿ ಪೆಟ್ಟಿಗೆ ಏಕೆ? ಊರಿಗೆ ಹೋಗಿ ಒಗೆದ ಬಟ್ಟೆ ತರುವುದಕ್ಕೆ. ವಿಚಾರಣೆ ಮಾಡುತ್ತಿದ್ದ ರಾಬರ್ಟ್ ಮೋರ್ ಬಹುಮಟ್ಟಿಗೆ ನಂಬಿದ್ದ. ಆಮೇಲೆ ಕೋಣೆಯ ಶೋಧನೆಯಲ್ಲಿ ಬಳಸದ ಅಂಚೆಚೀಟಿಗಳ ರಾಶಿ ಸಿಕ್ಕಿತು. ಹಾನ್ಸ್ ಒಪ್ಪಿಕೊಂಡ. ಅದು ತಿಳಿದ ಕ್ಷಣದಿಂದ ಸೋಫಿ ಮಾತು ಬದಲಿಸಿ, ಎಲ್ಲವನ್ನೂ ತಾವಿಬ್ಬರೇ ಮಾಡಿದ್ದು ಎಂದು ಮೈಮೇಲೆ ಎಳೆದುಕೊಂಡಳು. ಅಣ್ಣನ ಮಾತಿಗೆ ಮರುಳಾದೆ ಎಂದು ಹೇಳಲು ಮೋರ್ ದಾರಿ ಮಾಡಿಕೊಟ್ಟ. ಅವಳು ಹಿಡಿಯಲಿಲ್ಲ. ತನ್ನ ಜನರಿಗೆ ತಾನು ಮಾಡಬಹುದಾಗಿದ್ದ ಅತ್ಯುತ್ತಮ ಕೆಲಸ ಇದೇ, ಪಶ್ಚಾತ್ತಾಪವಿಲ್ಲ, ಪರಿಣಾಮ ಅನುಭವಿಸುತ್ತೇನೆ ಎಂಬ ಅವಳ ಉತ್ತರ ಪೊಲೀಸ್ ಕಡತದಲ್ಲೇ ದಾಖಲಾಗಿದೆ. (ಅವಳ ಹೆಸರಿನಲ್ಲಿ ವಾಟ್ಸಾಪ್‌ನಲ್ಲಿ ಓಡಾಡುವ ಸುಭಾಷಿತಗಳಿಗಿಂತ ಈ ಕಡತದ ಒಣ ಭಾಷೆ ಎಷ್ಟೋ ಮೇಲು. ಅಂದ ಹಾಗೆ, ಕರಪತ್ರಗಳ ಬರವಣಿಗೆ ಸೋಫಿಯದಲ್ಲ. ಆದರೆ ಪ್ರತಿಮೆ ನಿಲ್ಲಿಸುವಾಗ ಜಗತ್ತಿಗೆ ಒಂದೇ ಮುಖ ಸಾಕು.)

ಫೆಬ್ರುವರಿ 22ರ ಬೆಳಗ್ಗೆ ನಾತ್ಸಿಗಳ ‘ಜನತಾ ನ್ಯಾಯಾಲಯ’ದ ಅಧ್ಯಕ್ಷ ರೋಲಾಂಡ್ ಫ್ರೈಸ್ಲರ್ ಬರ್ಲಿನ್‌ನಿಂದ ಬಂದು ಪೀಠದ ಮೇಲೆ ಕುಳಿತು ಅರಚಾಡಿದ. ಮಧ್ಯಾಹ್ನಕ್ಕೆ ತೀರ್ಪು. ಸಂಜೆ ಐದಕ್ಕೆ ಸ್ಟಾಡೆಲ್‌ಹೈಮ್ ಜೈಲಿನಲ್ಲಿ ಹಾನ್ಸ್, ಸೋಫಿ, ಪ್ರೋಬ್ಸ್ಟ್ ಮೂವರ ತಲೆಯೂ ಗಿಲೊಟಿನ್‌ಗೆ ಹೋಯಿತು. ಹೂಬರ್ ಮತ್ತು ಶ್ಮೊರೆಲ್‌ಗೆ ಜುಲೈ 13ರಂದು, ಹೆಸರುಗಳನ್ನು ಬಾಯಿಬಿಡಿಸಲೆಂದು ತಿಂಗಳುಗಟ್ಟಲೆ ಉಳಿಸಿಕೊಂಡ ಗ್ರಾಫ್‌ಗೆ ಅಕ್ಟೋಬರ್ 12ರಂದು ಅದೇ ಗತಿ. ಹಣ ಕೊಟ್ಟು ನೆರವಾಗಿದ್ದ ಸ್ಟುಟ್‌ಗಾರ್ಟ್‌ನ ಲೆಕ್ಕಿಗ ಆಯ್ಗೆನ್ ಗ್ರಿಮ್ಮಿಂಗರ್‌ಗೆ ಹತ್ತು ವರ್ಷ ಸಜೆ. ಗಂಡ ಜೊತೆಗಿದ್ದಷ್ಟು ದಿನ ಹೇಗೋ ಉಳಿದಿದ್ದ ಅವನ ಯಹೂದಿ ಹೆಂಡತಿಯನ್ನು ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು.

ಮೂವರ ತಲೆ ಉರುಳಿದ ಆ ಸೋಮವಾರ ಸಂಜೆಯೇ ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ ವಿದ್ಯಾರ್ಥಿಗಳ ನಿಷ್ಠಾ ಸಭೆ ನಡೆಯಿತು. ಪಹರೆಯ ಶ್ಮಿಡ್‌ನನ್ನು ಕರೆತಂದರು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿ, ನೆಲಕ್ಕೆ ಕಾಲು ಕುಟ್ಟಿ ಅವನಿಗೆ ಜಯಕಾರ ಹಾಕಿದರು. ಅವನು ಎದ್ದು ನಿಂತು ಕೈ ಚಾಚಿ ಸ್ವೀಕರಿಸಿದ. ಮೂರು ಸಾವಿರ ಮಾರ್ಕ್ ಬಹುಮಾನವೂ, ಬಡ್ತಿಯೂ ಸಿಕ್ಕವು. ಗೀಸ್ಲರ್‌ನ ಮಾತಿಗೆ ಸುಮಾರು ಆರು ವಾರಗಳ ಹಿಂದೆ ಕೆರಳಿದ್ದ ವಿಶ್ವವಿದ್ಯಾಲಯವೇ ಇದು. ಅಲ್ಲಿ ಕುಳಿತವರಿಗೆಲ್ಲ ಸತ್ತವರು ಯಾರು, ಏಕೆ ಸತ್ತರು ಎಂಬುದು ತಿಳಿದಿತ್ತು. ತಿಳಿಯದೆ ಚಪ್ಪಾಳೆ ತಟ್ಟಲು ಬರುವುದಿಲ್ಲ.

ನಮ್ಮಲ್ಲಿ ಬಸ್ಸಿನಲ್ಲೋ ಮದುವೆ ಮನೆಯಲ್ಲೋ ದೇಶದ ಮಾತು ಬಂದಾಗ ‘ಈ ದೇಶಕ್ಕೆ ಒಬ್ಬ ಹಿಟ್ಲರ್ ಬರಬೇಕು’ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಇನ್ನೊಂದು ತುದಿಯಲ್ಲಿ, ಗಾಂಧೀಜಿಯ ಎದುರಿಗೆ ಬ್ರಿಟಿಷರ ಬದಲು ಹಿಟ್ಲರ್ ಇದ್ದಿದ್ದರೆ ಸತ್ಯಾಗ್ರಹ ಒಂದು ದಿನ ನಡೆಯುತ್ತಿರಲಿಲ್ಲ ಎಂಬ ವಾದವಿದೆ. ಎರಡನೆಯದನ್ನು ಹಾಗೆ ತಳ್ಳಿಹಾಕಲಾಗದು. 1943ರ ಆ ಫೆಬ್ರುವರಿಯಲ್ಲೇ ಗಾಂಧೀಜಿ ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ 21 ದಿನಗಳ ಉಪವಾಸ ಮಾಡುತ್ತಿದ್ದರು, 10ರಿಂದ ಮಾರ್ಚ್ 3ರವರೆಗೆ. ಸೋಫಿ ಕಟ್ಟನ್ನು ತಳ್ಳಿದ ದಿನ ಉಪವಾಸದ ನಡುಭಾಗ. ಅವರ ಆರೋಗ್ಯದ ಸುದ್ದಿ ದೇಶದ ಪತ್ರಿಕೆಗಳಲ್ಲಿ ಬರುತ್ತಿತ್ತು. ವೈಸರಾಯರ ಕಾರ್ಯಕಾರಿ ಮಂಡಳಿಯ ಮೂವರು ಭಾರತೀಯ ಸದಸ್ಯರು ರಾಜೀನಾಮೆ ಕೊಟ್ಟರು. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಸಾಧುವಾಗಿತ್ತು ಎಂದಲ್ಲ. 1942ರ ಆಗಸ್ಟ್‌ನಲ್ಲಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ, ಹುಬ್ಬಳ್ಳಿಯ ಬಾಲಕ ನಾರಾಯಣ ದೋಣಿ ಪೊಲೀಸರ ಗುಂಡಿಗೆ ಬಲಿಯಾದ. ಆದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಎಚ್. ನರಸಿಂಹಯ್ಯ ಅದೇ ಚಳವಳಿಯಲ್ಲಿ ಸೆರೆಮನೆಗೆ ಹೋಗಿ, ಹೊರಗೆ ಬಂದು, ಓದು ಮುಗಿಸಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಮ್ಯೂನಿಕ್‌ನಲ್ಲಿ ಹಿಡಿದ ನಾಲ್ಕನೆಯ ದಿನಕ್ಕೆ ತಲೆ ಹೋಯಿತು.

ಬಿಳಿ ಗುಲಾಬಿಯವರು ಸತ್ಯಾಗ್ರಹಿಗಳೇ? ಕಟ್ಟುನಿಟ್ಟಾಗಿ ನೋಡಿದರೆ ಅಲ್ಲ. ಮೂರನೆಯ ಕರಪತ್ರ ಶಾಂತ ಪ್ರತಿರೋಧ ಎಂಬ ಮಾತನ್ನೇ ಬಳಸುತ್ತದೆ, ಜೊತೆಗೆ ಶಸ್ತ್ರಾಸ್ತ್ರ ಕಾರ್ಖಾನೆಗಳ ಕೆಲಸ ಕೆಡಿಸಿರಿ ಎಂದೂ ಹೇಳುತ್ತದೆ. ಗಾಂಧೀಜಿಗೆ ಗುಟ್ಟೆಂದರೆ ಆಗದು, ಭೂಗತ ಚಟುವಟಿಕೆಯನ್ನು ಅವರು ಒಪ್ಪಲಿಲ್ಲ. ಇವರ ಕೆಲಸವೆಲ್ಲ ಗುಟ್ಟು. ಆದರೆ ಸಿಕ್ಕಿಬಿದ್ದ ಮೇಲೆ ಸೋಫಿ ನಡೆದುಕೊಂಡ ಬಗೆಯಿದೆಯಲ್ಲ, ಹೌದು ಮಾಡಿದ್ದೇನೆ, ಶಿಕ್ಷೆ ಕೊಡಿ ಎಂಬುದು, ಅದರಲ್ಲಿ ಗಾಂಧೀಜಿ ಒಪ್ಪದ ಅಕ್ಷರ ಒಂದೂ ಇಲ್ಲ.

ಹಾಗೆಂದು ಆ ಆಳ್ವಿಕೆಯಲ್ಲಿ ಬಾಯಿ ತೆರೆದವರೆಲ್ಲ ಸತ್ತರು, ಏನೂ ನಡೆಯಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. 1941ರ ಆಗಸ್ಟ್‌ನಲ್ಲಿ ಮ್ಯುನ್‌ಸ್ಟರ್‌ನ ಬಿಷಪ್ ಫಾನ್ ಗಾಲೆನ್ ಅಂಗವಿಕಲರ, ಮಾನಸಿಕ ರೋಗಿಗಳ ಹತ್ಯೆಯ ವಿರುದ್ಧ ಚರ್ಚಿನ ಪೀಠದಿಂದಲೇ ಗುಡುಗಿದರು. ಆ ತಿಂಗಳಲ್ಲೇ ಹಿಟ್ಲರ್ ಆ ಯೋಜನೆಯನ್ನು ಅಧಿಕೃತವಾಗಿ ನಿಲ್ಲಿಸಿದ. ಗುಟ್ಟಾಗಿ ಅದು ಮುಂದುವರಿಯಿತು. ಗಾಲೆನ್‌ರ ಪ್ರವಚನದ ನಕಲು ಪ್ರತಿ ಶೋಲ್ ಮನೆಯ ಅಂಚೆಪೆಟ್ಟಿಗೆಗೂ ಬಂದಿತ್ತು. ನಮಗೂ ಒಂದು ನಕಲು ಯಂತ್ರ ಬೇಕು ಎಂದು ಹಾನ್ಸ್‌ಗೆ ಹೊಳೆದದ್ದು ಅದನ್ನು ಓದಿ. ಮೂವರು ಸತ್ತ ಐದನೆಯ ದಿನ, ಫೆಬ್ರುವರಿ 27ರಿಂದ, ಬರ್ಲಿನ್‌ನ ರೋಸನ್‌ಸ್ಟ್ರಾಸೆ ಎಂಬ ಬೀದಿಯಲ್ಲಿ ಯಹೂದಿ ಗಂಡಂದಿರನ್ನು ಕೂಡಿಹಾಕಿದ ಕಟ್ಟಡದ ಮುಂದೆ ಜರ್ಮನ್ ಹೆಂಗಸರು ದಿನಗಟ್ಟಲೆ ನಿಂತರು. ಗಂಡಂದಿರು ಮನೆಗೆ ಬಂದರು. ಬಿಡುಗಡೆಗೆ ಹೆಂಗಸರ ಹಟವೇ ಕಾರಣವೇ ಎಂದು ಇತಿಹಾಸಕಾರರು ಇಂದಿಗೂ ಕಿತ್ತಾಡುತ್ತಾರೆ. ಹೆಂಗಸರ ಮೇಲೆ ಗುಂಡು ಹಾರಲಿಲ್ಲ ಎಂಬುದರಲ್ಲಿ ಕಿತ್ತಾಟವಿಲ್ಲ. ಎಲ್ಲರೂ ಕಂಡವರ ಮೇಲೆ, ಎಲ್ಲರೂ ಬಲ್ಲವರ ಮೇಲೆ ಕೈ ಮಾಡಲು ಆ ಸರ್ಕಾರವೂ ಅಳುಕುತ್ತಿತ್ತು. ಸಿಕ್ಕಿಬೀಳುವವರೆಗೂ ಬಿಳಿ ಗುಲಾಬಿಯವರನ್ನು ಯಾರೂ ಬಲ್ಲವರಿರಲಿಲ್ಲ.

ಅವರಿಂದ ಏನು ಸಾಧನೆಯಾಯಿತು ಎಂದು ಕೇಳುವವರಿಗೆ, ಯುದ್ಧ ಒಂದು ದಿನವೂ ಮೊದಲು ಮುಗಿಯಲಿಲ್ಲ ಎಂದು ಒಪ್ಪಬೇಕು. ಆರನೆಯ ಕರಪತ್ರ ಸ್ಕ್ಯಾಂಡಿನೇವಿಯಾದ ದಾರಿಯಾಗಿ ಇಂಗ್ಲೆಂಡಿಗೆ ತಲುಪಿತು, ಅಲ್ಲಿ ಮರುಮುದ್ರಣವಾಗಿ 1943ರಲ್ಲೇ ಬ್ರಿಟಿಷ್ ವಿಮಾನಗಳಿಂದ ಜರ್ಮನ್ ಊರುಗಳ ಮೇಲೆ ರಾಶಿ ರಾಶಿಯಾಗಿ ಬಿತ್ತು. ರಸಾಯನಶಾಸ್ತ್ರದ ವಿದ್ಯಾರ್ಥಿಗಳಾದ ಹಾನ್ಸ್ ಲೈಪೆಲ್ಟ್ ಮತ್ತು ಮರೀ-ಲೂಯಿಸ್ ಯಾನ್ ಅದನ್ನು ಮತ್ತೆ ಟೈಪ್ ಮಾಡಿ, ಆದರೂ ಅವರ ಚೇತನ ಬದುಕಿದೆ ಎಂಬ ಸಾಲನ್ನು ಸೇರಿಸಿ ಹಂಚಿದರು. ಹೂಬರ್‌ರ ನಿರ್ಗತಿಕ ಕುಟುಂಬಕ್ಕೆ ಹಣ ಕೂಡಿಸಿದರು. ಲೈಪೆಲ್ಟ್‌ನನ್ನು 1945ರ ಜನವರಿ 29ರಂದು ಕೊಂದರು. ಇದೆಲ್ಲ ದೊಡ್ಡದೇ. ಆದರೆ ನನಗೆ ಮುಖ್ಯ ಅನ್ನಿಸುವುದು ಮೂರು ಲಕ್ಷದ ಮಾತಿದ್ದ ಆ ಎರಡನೆಯ ಕರಪತ್ರ, ಆ ಸಂಖ್ಯೆ, ಆ ಬೇಸಿಗೆ. ಅಂಚೆಚೀಟಿಗೆ ಪರದಾಡುತ್ತಿದ್ದ ಹುಡುಗರಿಗೆ ತಿಳಿದದ್ದು ಉಳಿದವರಿಗೆ ತಿಳಿಯಲಿಲ್ಲ ಎನ್ನಲು ಆ ಹಾಳೆ ಬಿಡುವುದಿಲ್ಲ.

ಬಿಡದಿದ್ದರೂ ಅನ್ನುವವರು ಅಂದರು. ಫ್ರೈಸ್ಲರ್ 1945ರ ಫೆಬ್ರುವರಿಯಲ್ಲಿ ಬರ್ಲಿನ್‌ನ ವಾಯುದಾಳಿಯಲ್ಲಿ ಸತ್ತ. ಅವನ ಜನತಾ ನ್ಯಾಯಾಲಯ ನ್ಯಾಯಾಲಯವೇ ಅಲ್ಲ, ಭಯೋತ್ಪಾದನೆಯ ಸಾಧನ ಎಂದು ಪಶ್ಚಿಮ ಜರ್ಮನಿಯ ಸಂಸತ್ತು ಘೋಷಿಸಿದ್ದು 1985ರಲ್ಲಿ. ಅದರ ತೀರ್ಪುಗಳನ್ನು ಕಾಯಿದೆಯಿಂದ ರದ್ದು ಮಾಡಿದ್ದು 1998ರಲ್ಲಿ. ಅದೇ 1985ರಲ್ಲಿ ಇನ್ನೊಂದು ಸಂಗತಿ ಹೊರಗೆ ಬಂತು. ಮ್ಯೂನಿಕ್‌ನ ಪಿಂಚಣಿ ಕಚೇರಿ ಫ್ರೈಸ್ಲರ್‌ನ ವಿಧವೆಗೆ 1974ರಿಂದ ಹೆಚ್ಚುವರಿ ಪರಿಹಾರ ಕೊಡುತ್ತಾ ಬಂದಿತ್ತು. ಕಾರಣವಾಗಿ ಕಡತದಲ್ಲಿ ಬರೆದದ್ದು ಇಷ್ಟು: ಗಂಡ ಬದುಕಿದ್ದಿದ್ದರೆ ಯುದ್ಧಾನಂತರ ವಕೀಲನಾಗಿಯೋ ಹಿರಿಯ ಸರ್ಕಾರಿ ಅಧಿಕಾರಿಯಾಗಿಯೋ ಒಳ್ಳೆಯ ಸಂಪಾದನೆ ಮಾಡುತ್ತಿದ್ದ.